ಅರವತ್ತರ ಹತ್ತಿರ ನಗಿಸಲು ಹೊರಟ ನಾವು

“ಮಕ್ಕಳಿಗೆ ಮದುವೆ ಮಾಡಿಸುವ ವಯಸ್ಸಲ್ಲಿ ನಿಮಗೆ ಈ ಸಿನೆಮಾದ ಹುಚ್ಚು ಯಾಕೆ ಮಾರಾಯ್ರೇ?”

ನಾವಿಬ್ಬರು ಹಾಸ್ಯ ಚಿತ್ರಕಥೆ ಬರೆಯುತ್ತಿದ್ದೇವೆ ಅಂತ ಸುದ್ದಿಯಾದ ದಿನ ಊರ ಹೋಟೆಲಿನಲ್ಲಿ ಕೇಳಿದ ಮೊದಲ ಮಾತಿದು. ಕೇಳಿದವರದ್ದು ತಪ್ಪಲ್ಲ. ನಮ್ಮಲ್ಲೊಬ್ಬರು ಇಪ್ಪತ್ತಾರು ವರ್ಷ ಗಲ್ಫ್‌ನಲ್ಲಿ ದುಡಿದು ಬಂದವರು. ಇನ್ನೊಬ್ಬರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಬ್ಬರಿಗೂ ಅರವತ್ತು ಹತ್ತಿರ. ಮಗ್ರಿಬ್ ನಮಾಝ್ ಮುಗಿಸಿ ಜಗಲಿಯಲ್ಲಿ ಕೂತು ಹಳೇ ತಮಾಷೆ ಹೇಳಿಕೊಂಡು ನಗುವುದು ನಮ್ಮ ಅಭ್ಯಾಸ. ಒಂದು ಸಂಜೆ ಮೊಬೈಲಿನಲ್ಲಿ ಚಿತ್ರಕಥೆ ಸ್ಪರ್ಧೆಯ ಪ್ರಕಟಣೆ ಕಂಡಿತು. ಅದರಲ್ಲಿ ವಯಸ್ಸಿನ ಮಿತಿ ಇರಲಿಲ್ಲ. ಅಷ್ಟೇ ಸಾಕಾಯಿತು.

ತಡವಾಯಿತು ಅನ್ನುವವರಿಗೆ ಹೇಳಲು ನಮ್ಮ ಬಳಿ ಉದಾಹರಣೆಗಳಿವೆ. ‘ದಿ ಕಿಂಗ್ಸ್ ಸ್ಪೀಚ್’ ಚಿತ್ರಕಥೆಗಾಗಿ ಡೇವಿಡ್ ಸೀಡ್ಲರ್ 2011ರಲ್ಲಿ ಆಸ್ಕರ್ ಪಡೆದಾಗ ಅವರಿಗೆ 73 ವರ್ಷ. ತೊದಲುವ ರಾಜನ ಕಥೆ ಬರೆದ ಅವರು ಬಾಲ್ಯದಲ್ಲಿ ತಾವೂ ತೊದಲುತ್ತಿದ್ದವರು. ಅಷ್ಟು ದೂರ ಯಾಕೆ? ನಮ್ಮ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಓದುಗರ ಕೈ ಸೇರಿದ್ದು ಅವರಿಗೆ ನಲವತ್ತು ದಾಟಿದ ಮೇಲೆ. ಆಸ್ಕರ್ ಅಕಾಡೆಮಿ ಹೊಸ ಚಿತ್ರಕಥೆಗಾರರಿಗಾಗಿ 1986ರಲ್ಲಿ ಶುರು ಮಾಡಿದ ನಿಕಲ್ ಫೆಲೋಶಿಪ್‌ನಲ್ಲೂ ಹೊಸಬರು ಅಂದರೆ ಹರೆಯದವರು ಅಂತಲ್ಲ. ಚಿತ್ರಕಥೆ ಬರೆದು ಇನ್ನೂ ಹೆಚ್ಚು ಸಂಪಾದಿಸದವರು ಅಂತ ಅರ್ಥ. ಆ ಲೆಕ್ಕದಲ್ಲಿ ನಮ್ಮಷ್ಟು ಹೊಸಬರು ಯಾರೂ ಇಲ್ಲ!

ಆದರೆ ಕೂತ ಮೇಲೆ ಗೊತ್ತಾಯಿತು, ಜಗಲಿಯಲ್ಲಿ ನಗಿಸುವುದು ಬೇರೆ, ಕಾಗದದಲ್ಲಿ ನಗಿಸುವುದು ಬೇರೆ. ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮಾತ್ರ ಬರೆಯಬೇಕು. “ಅವನಿಗೆ ಹಳೆಯದೆಲ್ಲ ನೆನಪಾಯಿತು” ಅಂತ ಬರೆದರೆ ಕ್ಯಾಮೆರಾ ಏನು ತೋರಿಸಬೇಕು? ಪ್ರತಿ ದೃಶ್ಯದ ತಲೆಯಲ್ಲಿ ಜಾಗ ಯಾವುದು, ಒಳಗಾ ಹೊರಗಾ, ಹಗಲಾ ರಾತ್ರಿಯಾ ಅಂತ ನಮೂದಿಸಬೇಕು. ಸರಿಯಾದ ಅಳತೆಯಲ್ಲಿ ಟೈಪ್ ಮಾಡಿದರೆ ಒಂದು ಪುಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷದ ಸಿನೆಮಾ. ನಮ್ಮ ಮೊದಲ ಪ್ರತಿ 170 ಪುಟ ಆಗಿತ್ತು. ಸ್ಪರ್ಧೆಯವರು ಕೇಳಿದ್ದು 120ರೊಳಗೆ. ನಿವೃತ್ತ ಮೇಷ್ಟ್ರು ಕೆಂಪು ಪೆನ್ನು ಹಿಡಿದರು, ಗೆಳೆತನ ಮುರಿಯುವುದೊಂದು ಬಾಕಿ.

ನಮ್ಮ ಕಥೆ ಇಷ್ಟು. ಗಲ್ಫ್‌ನಲ್ಲಿ ಸೂಪರ್‌ಮಾರ್ಕೆಟ್ ಮ್ಯಾನೇಜರ್ ಅಂತ ಊರಿಡೀ ನಂಬಿಸಿದ ಒಬ್ಬ ಕಾಕ. ನಿಜದಲ್ಲಿ ಅವರು ಅಲ್ಲಿ ಅಡುಗೆಯವರು. ಮಗಳ ನಿಕಾಹ್ ದಿನ ಹೇಳದೆ ಕೇಳದೆ ಅವರ ಅರಬಿ ಧಣಿ ಬಂದಿಳಿಯುತ್ತಾರೆ. ಬಂದವರು ಬೀಗರ ಮುಂದೆಯೇ “ಬಿರಿಯಾನಿ ನಿನ್ನ ಕೈಯದ್ದು ತಾನೇ?” ಅಂತ ಕೇಳಲು ಹೊರಡುತ್ತಾರೆ. ಅವರ ಬಾಯಿ ಮುಚ್ಚಿಸಲು ಕಾಕ ಪಡುವ ಪಾಡೇ ಸಿನೆಮಾ.

ಮೊದಲ ಪ್ರತಿಯನ್ನು ಗಲ್ಫ್ ಗೆಳೆಯರ ಮನೆಯಲ್ಲಿ ಗಟ್ಟಿಯಾಗಿ ಓದಿದೆವು. ಅವರ ಮನೆಯವರು ಪತ್ತಿರ್ ತಟ್ಟುತ್ತಾ ಕೇಳಿಸಿಕೊಂಡರು. ಒಮ್ಮೆಯೂ ನಗಲಿಲ್ಲ. ಕೊನೆಗೆ ಹೇಳಿದರು: “ಕಾಕ ತಪ್ಪು ಕನ್ನಡ ಮಾತಾಡಿದ್ದಕ್ಕೆಲ್ಲ ನಗಬೇಕು ಅಂತ ಬರೆದಿದ್ದೀರಿ. ಇದಕ್ಕೆ ನಗುವವರು ಯಾರು? ನಮ್ಮನ್ನು ನೋಡಿ ಬೇರೆಯವರು ತಾನೇ? ಅದನ್ನು ಅವರೇ ಬರೀತಾರೆ, ನೀವ್ಯಾಕೆ?”

ಇಬ್ಬರೂ ತಲೆ ತಗ್ಗಿಸಿದೆವು. ನಾಟಕದಲ್ಲಿ, ಸಿನೆಮಾದಲ್ಲಿ ಟೋಪಿ ಹಾಕಿದ ಪಾತ್ರ ಬಂದು ನಾಲಿಗೆ ತಿರುಚಿ ಮಾತಾಡಿದಾಗ ನಾವೂ ಸೀಟಿನಲ್ಲಿ ಕುಗ್ಗಿ ಕೂತವರೇ. ಹಾಗಿದ್ದರೂ ಪೆನ್ನು ಕೈಗೆ ಬಂದಾಗ ಅದನ್ನೇ ಬರೆದಿದ್ದೆವು. ಯಾಕೆಂದರೆ ಅದು ಸುಲಭ.

ಅಲ್ಲಿಂದ ಮತ್ತೆ ಬರೆದೆವು. ಕಾಕನ ಭಾಷೆ ಸರಿ ಮಾಡಿದೆವು, ಭಯವನ್ನು ಹೆಚ್ಚಿಸಿದೆವು. ಹಾಸ್ಯ ಪಾತ್ರಕ್ಕೆ ತಾನು ತಮಾಷೆ ಮಾಡುತ್ತಿದ್ದೇನೆ ಅಂತ ಗೊತ್ತಿರಬಾರದು. ಅದಕ್ಕೆ ತನ್ನ ಸಂಕಟ ನಿಜವಾದ ಸಂಕಟ. ಒಂದು ಸುಳ್ಳು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಹೀಗೆ ಬೆಳೆಯುತ್ತಾ ಹೋದರೆ ನಗು ತಾನಾಗಿ ಬರುತ್ತದೆ.

ಸುವೀರನ್ ನಿರ್ದೇಶನದ ‘ಬ್ಯಾರಿ’ 2011ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದು ನಮ್ಮ ಹೆಣ್ಣುಮಗಳ ನೋವಿನ ಕಥೆ. ಆ ಪ್ರಶಸ್ತಿಯನ್ನು ಹಂಚಿಕೊಂಡದ್ದು ಮರಾಠಿಯ ‘ದೇವೂಳ್’. ಹಳ್ಳಿಯ ಭಕ್ತಿ ವ್ಯಾಪಾರವಾಗುವುದನ್ನು ನಗಿಸುತ್ತಲೇ ಹೇಳಿದ ಚಿತ್ರ ಅದು. ಸಂಭಾಷಣೆಗೂ ಅದಕ್ಕೇ ಪ್ರಶಸ್ತಿ ಬಂತು. ನೋವಿನ ಕಥೆಗೂ ನಗುವ ಕಥೆಗೂ ಒಂದೇ ಪೀಠ ಸಿಕ್ಕಿತು. ‘ಒರಿಯರ್ದೊರಿ ಅಸಲ್’, ‘ಚಾಲಿಪೋಲಿಲು’ ಮೂಲಕ ತುಳುವರು ತಮ್ಮ ನಗುವನ್ನು ತಾವೇ ತೆರೆಗೆ ತಂದರು. ನಮ್ಮ ನಗು ಇನ್ನೂ ಜಗಲಿಯಲ್ಲೇ ಇದೆ. ಅದನ್ನು ಬರೆಯಲು ಬೇಕಾದ ಸರಕು ಇರುವುದು ಹಿರಿಯರ ಹತ್ತಿರ. ಪುದಿಯಾಪ್ಳೆಯ ಸತ್ಕಾರ, ಪೆರ್ನಾಲಿನ ಚಂದ್ರ ಕಂಡಿತೋ ಇಲ್ಲವೋ ಎಂಬ ಫೋನುಗಳು, ಗಲ್ಫ್ ಪೆಟ್ಟಿಗೆ ಬಿಚ್ಚುವ ರಾತ್ರಿ, ಇದನ್ನೆಲ್ಲ ಬದುಕಿದವರೇ ಬರೆಯಬೇಕಲ್ಲ?

ಬರೆಯುವವರಿಗೆ ಮೂರು ಮಾತು. ಕಳಿಸುವ ಮೊದಲು ಮನೆಮಂದಿಗೆ ಗಟ್ಟಿಯಾಗಿ ಓದಿ, ಎಲ್ಲಿ ನಗಲಿಲ್ಲ ಅಂತ ಗುರುತು ಹಾಕಿ. ಸ್ಪರ್ಧೆಯ ನಿಯಮಾವಳಿಯನ್ನು ಪೂರ್ತಿ ಓದಿ. ಯಾವ ಭಾಷೆ, ಶುಲ್ಕ ಎಷ್ಟು, ಗೆದ್ದರೆ ಕಥೆಯ ಹಕ್ಕು ಯಾರದ್ದು ಎಂಬುದನ್ನು ತಿಳಿದೇ ಹಣ ಕಟ್ಟಿ. ಚಿತ್ರಕಥೆಯನ್ನು ನೋಂದಣಿ ಮಾಡಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಆನ್‌ಲೈನಿನಲ್ಲೇ ಅದು ಆಗುತ್ತದೆ.

ನಮ್ಮದು ಏನಾಯಿತು ಅಂತ ಕೇಳುತ್ತೀರಾ? ಮೊದಲ ಪಟ್ಟಿಯಲ್ಲೇ ಹೆಸರಿರಲಿಲ್ಲ. ಎರಡು ದಿನ ಇಬ್ಬರೂ ಮಾತಾಡಲಿಲ್ಲ.

ಆದರೆ ಕಳಿಸುವ ಹಿಂದಿನ ರಾತ್ರಿ ಹೊಸ ಪ್ರತಿಯನ್ನು ಅದೇ ಮನೆಯಲ್ಲಿ ಓದಿದ್ದೆವು. ಈ ಸಲ ಅವರು ಪತ್ತಿರ್ ಕರಕಲಾಗುವಷ್ಟು ನಕ್ಕರು. ಕೊನೆಯ ದೃಶ್ಯಕ್ಕೆ ಬಂದಾಗ ನಗು ನಿಂತಿತು. ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದರು: “ನೀವು ಹೋದ ಹೊಸತರಲ್ಲಿ ಆಫೀಸಿನ ಕೆಲಸ ಅಂದಿದ್ರಲ್ಲ, ನಿಜಕ್ಕೂ ಏನು ಮಾಡ್ತಿದ್ರಿ?”

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಮೊದಲ ನಾಲ್ಕು ವರ್ಷ ಅವರು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮೂವತ್ತು ವರ್ಷ ಮನೆಯಲ್ಲಿ ಹೇಳಲಾಗದ ಮಾತನ್ನು ಆ ರಾತ್ರಿ ಹೇಳಿದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರ ಮನೆಯವರು ಹೇಳಿದರು: “ಹಾಗಾದರೆ ಇವತ್ತಿನ ಪಾತ್ರೆ ನಿಮ್ಮದೇ.”

ಆ ಮಾತನ್ನು ಮುಂದಿನ ಪ್ರತಿಗೆ ಸೇರಿಸಿದ್ದೇವೆ. ಮುಂದಿನ ಸ್ಪರ್ಧೆಗೆ ಕಳಿಸುತ್ತೇವೆ, ಇನ್‌ಶಾ ಅಲ್ಲಾಹ್.