ಗೋಲುರಕ್ಷಕಿ

ಶಾಲೆಯ ಮೈದಾನದಲ್ಲಿ ಕಾಲ್ಚೆಂಡಾಟ ನಡೆಯುವಾಗ ಓಡಲಾರದವರನ್ನು ಗೋಲಿನ ಮುಂದೆ ನಿಲ್ಲಿಸುವ ವಾಡಿಕೆಯುಂಟು. ಆದರೆ ಆ ಸ್ಥಾನ ಅಷ್ಟು ಹಗುರವಾದುದಲ್ಲ. 24 ಅಡಿ ಅಗಲ, 8 ಅಡಿ ಎತ್ತರದ ಗೋಲನ್ನು ಕಾಯುವ ಹೊಣೆ ಅಲ್ಲಿ ನಿಂತವರದು. ಮುಂಪಡೆಯ ಆಟಗಾರರು ಹತ್ತು ಬಾರಿ ಗುರಿ ತಪ್ಪಿ ಒಮ್ಮೆ ಗೋಲು ಹೊಡೆದರೆ ಜನ ಹೊಗಳುತ್ತಾರೆ. ಗೋಲುರಕ್ಷಕರು ಹತ್ತು ಚೆಂಡುಗಳನ್ನು ತಡೆದು ಒಂದನ್ನು ಬಿಟ್ಟರೆ ಅದೊಂದೇ ಜನರ ನೆನಪಿನಲ್ಲಿ ಉಳಿಯುತ್ತದೆ. ಇಂಥ ಹೊಣೆ ಹೊರುವವರನ್ನು ಹೇಗೆ ಸಿದ್ಧಗೊಳಿಸಬೇಕು, ಹೇಗೆ ಆರಿಸಬೇಕು ಎಂಬುದಕ್ಕೆ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳು ಉತ್ತಮ ನಿದರ್ಶನವಾಗಿವೆ.

ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂಬ ಕಾನೂನು ಅಲ್ಲಿ 1972ರಲ್ಲಿ ಬಂದಿತು. ಅದರ ಫಲವಾಗಿ ಮಹಿಳೆಯರ ಕ್ರೀಡಾ ತಂಡಗಳು ಬೆಳೆದವು. 1982ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು ಮಹಿಳೆಯರ ಕಾಲ್ಚೆಂಡಿನ ಸ್ಪರ್ಧೆಯನ್ನು ಆರಂಭಿಸಿತು.

ಈ ತಂಡಗಳಲ್ಲಿ ಗೋಲುರಕ್ಷಕಿಯರಿಗೆ ಸಾಮಾನ್ಯವಾಗಿ ಪ್ರತ್ಯೇಕ ತರಬೇತಿಯುಂಟು. ಚೆಂಡನ್ನು ಭದ್ರವಾಗಿ ಹಿಡಿಯುವುದು, ಪೆಟ್ಟಾಗದಂತೆ ಪಕ್ಕಕ್ಕೆ ನೆಗೆದು ಬೀಳುವುದು ಮೊದಲ ಪಾಠಗಳು. ಎದುರಾಳಿ ಒಬ್ಬಳೇ ನುಗ್ಗಿ ಬಂದಾಗ ಗೋಲುರಕ್ಷಕಿ ಗೆರೆಯ ಮೇಲೆಯೇ ನಿಲ್ಲದೆ ಮುಂದೆ ಬರಬೇಕು. ದೀಪದ ಹತ್ತಿರಕ್ಕೆ ಕೈ ತಂದಷ್ಟೂ ಗೋಡೆಯ ಮೇಲಿನ ನೆರಳು ಹಿಗ್ಗುವಂತೆ, ಅವಳು ಚೆಂಡನ್ನು ಸಮೀಪಿಸಿದಷ್ಟೂ ಗೋಲಿನ ಹೆಚ್ಚು ಭಾಗ ಅವಳಿಂದ ಮರೆಯಾಗುತ್ತದೆ. ಆದರೆ ಅತಿಯಾಗಿ ಮುಂದೆ ಬಂದರೆ ಚೆಂಡು ತಲೆಯ ಮೇಲಿಂದ ಹಾರಿಹೋದೀತು! ತನ್ನ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕಳುಹಿಸಿದ ಚೆಂಡನ್ನು ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಲ್ಲಿ ಬಂದ ಮೇಲೆ ಕಾಲಿನ ಕೌಶಲವೂ ಅವಳಿಗೆ ಅಗತ್ಯವಾಯಿತು.

ಗೋಲುರಕ್ಷಕಿಯರು ಹುಟ್ಟುವುದಿಲ್ಲ, ರೂಪುಗೊಳ್ಳುತ್ತಾರೆ. ಹೋಪ್ ಸೋಲೊ ಪ್ರೌಢಶಾಲೆಯಲ್ಲಿ ಗೋಲು ಹೊಡೆಯುವ ಮುಂಪಡೆಯ ಆಟಗಾರ್ತಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗೋಲುರಕ್ಷಣೆಗೆ ನಿಂತ ಆಕೆ, ಮುಂದೆ 2008 ಮತ್ತು 2012ರ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದ ಗೋಲನ್ನು ಕಾದಳು.

ಆಯ್ಕೆಯ ಕೆಲಸ ಇನ್ನೂ ಕಠಿಣ. ತಂಡದಲ್ಲಿ ಹಲವು ಗೋಲುರಕ್ಷಕಿಯರಿದ್ದರೂ ಒಂದು ಹೊತ್ತಿಗೆ ಆಡುವವಳು ಒಬ್ಬಳೇ. ತರಬೇತುದಾರರು ಕೈಚಳಕವನ್ನಷ್ಟೇ ನೋಡುವುದಿಲ್ಲ. ಇಡೀ ಮೈದಾನ ಕಣ್ಣೆದುರಿಗಿರುವುದರಿಂದ ಅವಳು ಕೂಗಿ ಸಂಗಾತಿಗಳನ್ನು ಎಚ್ಚರಿಸಬಲ್ಲಳೇ? ಒಂದು ಗೋಲು ಬಿಟ್ಟ ಮೇಲೆ ಎದೆಗುಂದದೆ ಮುಂದಿನ ಚೆಂಡಿಗೆ ಸಿದ್ಧಳಾಗುವಳೇ? ಇವೂ ಮುಖ್ಯವೇ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡದಲ್ಲಿ ಪಳಗಿದ ಬ್ರಯಾನಾ ಸ್ಕರ್ರಿ 1999ರ ಜುಲೈ 10ರಂದು ಇಂಥ ಸ್ಥೈರ್ಯವನ್ನು ಮೆರೆದಳು. ಅಂದು ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅಮೆರಿಕ ಮತ್ತು ಚೀನಾ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ಬಳಿಕ ನಡೆದ ಪೆನಾಲ್ಟಿ ಒದೆತಗಳಲ್ಲಿ, 90 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ನಡುವೆ, ಚೀನಾದ ಮೂರನೆಯ ಒದೆತವನ್ನು ಆಕೆ ತಡೆದಳು. ಅಮೆರಿಕ 5–4ರಿಂದ ಗೆದ್ದಿತು.

ಆಯ್ಕೆಯಾಗದೆ ಉಳಿದವಳ ಪಾಡೇನು? ಇಡೀ ಋತು ಅವಳು ಬೆಂಚಿನ ಮೇಲೆ ಕುಳಿತೇ ಕಳೆಯಬೇಕಾಗಬಹುದು. ಆದರೂ ಅಭ್ಯಾಸದಲ್ಲಿ ತನ್ನ ಪ್ರತಿಸ್ಪರ್ಧಿಗೆ ಬಿರುಸಾದ ಚೆಂಡುಗಳನ್ನು ಒದ್ದು ಅವಳನ್ನು ಪಳಗಿಸುವವರಲ್ಲಿ ಇವಳೂ ಒಬ್ಬಳು. ಆಡುತ್ತಿರುವವಳಿಗೆ ಪೆಟ್ಟಾದರೆ ಮರುಗಳಿಗೆಯೇ ಆ ಗೋಲಿನ ಮುಂದೆ ನಿಲ್ಲಬೇಕಾದವಳೂ ಇವಳೇ. ಕಾಣುವ ಆಟದ ಹಿಂದೆ ಕಾಣದ ಈ ಸಿದ್ಧತೆ ಇಲ್ಲದಿದ್ದರೆ ಯಾವ ತಂಡವೂ ನಿಲ್ಲಲಾರದು.