ಮೆಕ್ಕೆಜೋಳದ ದಿಂಡು ಪೈಪ್ ಆಗುವ ಬಗೆ

ಕಾಳು ಬಿಡಿಸಿದ ಮೇಲೆ ಉಳಿಯುವ ಮೆಕ್ಕೆಜೋಳದ ದಿಂಡಿಗೆ ನಮ್ಮ ದಾವಣಗೆರೆ, ಹಾವೇರಿ ಕಡೆ ಒಲೆಯೇ ಗತಿ. ಒಕ್ಕಣೆ ಮುಗಿದ ಕಣದ ಪಕ್ಕ ಗುಡ್ಡೆ ಬಿದ್ದಿರುತ್ತದೆ, ಬೇಕಾದವರು ಚೀಲ ತುಂಬಿಕೊಂಡು ಹೋಗುತ್ತಾರೆ. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪಟ್ಟಣದಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ದಿಂಡಿಗಾಗಿಯೇ ಜೋಳ ಬಿತ್ತುವವರಿದ್ದಾರೆ, ಕಾಳು ಬಂದದ್ದು ಬಂತು. ಆ ದಿಂಡಿನಿಂದ ತಂಬಾಕಿನ ಪೈಪ್ ಮಾಡುವ ಕಸುಬು ಅಲ್ಲಿ ಒಂದೂವರೆ ಶತಮಾನದಿಂದ ನಡೆದುಕೊಂಡು ಬಂದಿದೆ.

ಈ ವಾಷಿಂಗ್ಟನ್ ಅಮೆರಿಕದ ರಾಜಧಾನಿಯಲ್ಲ. ಸೇಂಟ್ ಲೂಯಿಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಮಿಸೌರಿ ನದಿಯ ದಂಡೆಯ ಮೇಲಿರುವ ಸಣ್ಣ ಊರು. ಹಾಲೆಂಡಿನಿಂದ ವಲಸೆ ಬಂದ ಹೆನ್ರಿ ಟಿಬ್ಬಿ ಎಂಬಾತ ಅಲ್ಲಿ ಮರ ಕಡೆಯುವ ಕೆಲಸ ಮಾಡಿಕೊಂಡಿದ್ದ. ಒಬ್ಬ ರೈತ ತಾನು ಚಾಕುವಿನಲ್ಲಿ ಕೆತ್ತಿಕೊಂಡ ದಿಂಡಿನ ಪೈಪ್ ತಂದು, ಇದನ್ನು ನಿನ್ನ ಲೇತ್ ಮೇಲೆ ಚೆನ್ನಾಗಿ ಕಡೆದು ಕೊಡು ಎಂದು ಕೇಳಿದ ಎನ್ನುವುದು ಊರಿನ ಕತೆ. ಕತೆ ನಿಜವೋ ಅಲ್ಲವೋ, 1869ರ ಹೊತ್ತಿಗೆ ಟಿಬ್ಬಿ ದಿಂಡಿನ ಪೈಪ್ ಮಾಡಲು ಶುರುಮಾಡಿದ್ದ. ದಿಂಡನ್ನು ಕೊರೆದು ಹೊಗೆ ಸೇದುವುದು ಅಮೆರಿಕದ ಹಳ್ಳಿಗರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಅದನ್ನು ಅಂಗಡಿಯಲ್ಲಿ ಮಾರುವ ಸರಕು ಮಾಡಿದ್ದು ಟಿಬ್ಬಿ. ಅವನ ಕಂಪನಿಗೆ 1907ರಲ್ಲಿ ಮಿಸೌರಿ ಮೀರ್‌ಶಾಮ್ ಎಂಬ ಹೆಸರು ಬಂತು, ಇಂದಿಗೂ ಅದೇ ಹೆಸರಿನಲ್ಲಿದೆ. ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಬಿಳಿ, ಹಗುರ, ಹೊಗೆಯ ತೇವ ಹೀರುವ ಖನಿಜ ಮೀರ್‌ಶಾಮ್. ಅದರ ಪೈಪುಗಳು ಶ್ರೀಮಂತರ ಸೊತ್ತಾಗಿದ್ದವು. ಬಡವನ ಪೈಪಿಗೆ ಆ ಹೆಸರನ್ನು ಅಂಟಿಸಿದ್ದು ಒಳ್ಳೆಯ ವ್ಯಾಪಾರಿ ಬುದ್ಧಿ.

ದಿಂಡು ಪೈಪ್ ಆಗಲು ಯಾಕೆ ಒದಗುತ್ತದೆ ಎಂದು ತಿಳಿಯಬೇಕಾದರೆ ಒಂದನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡಬೇಕು. ಮೂರು ಬಳೆಗಳು ಕಾಣುತ್ತವೆ. ನಟ್ಟನಡುವೆ ಉಗುರಿನಿಂದ ಒತ್ತಿದರೆ ತಗ್ಗು ಬೀಳುವ ಮೆತ್ತನೆಯ ಬಿಳಿ ಬೆಂಡು. ಅದರ ಸುತ್ತ ಮರದಷ್ಟು ಗಟ್ಟಿಯಾದ ಉಂಗುರ. ಎಲ್ಲಕ್ಕಿಂತ ಹೊರಗೆ ಕಾಳು ಕೂತಿದ್ದ ಗುಳಿಗಳು, ಗುಳಿಗಳ ಅಂಚಿಗೆ ತೆಳ್ಳನೆ ಹೊಟ್ಟು. ಗುಳಿಗಳ ಸಾಲು ಎಣಿಸಿದರೆ ಹೆಚ್ಚುಕಡಿಮೆ ಯಾವಾಗಲೂ ಸರಿಸಂಖ್ಯೆಯೇ ಬರುತ್ತದೆ, 12, 14, 16 ಹೀಗೆ. ಜೋಳದ ಹೂವು ತೆನೆಯ ಮೇಲೆ ಜೋಡಿ ಜೋಡಿಯಾಗಿ ಕೂರುವುದರಿಂದ. ಪೈಪಿಗೆ ಬೇಕಾದದ್ದು ನಡುವಿನ ಗಟ್ಟಿ ಉಂಗುರ ಮಾತ್ರ. ಬೆಂಡನ್ನು ಕೊರೆದರೆ ತಂಬಾಕು ತುಂಬುವ ಬಟ್ಟಲು ತಾನಾಗಿ ಸಿಗುತ್ತದೆ. ಉಂಗುರ ಗಟ್ಟಿಯೂ ಹೌದು, ಸೂಕ್ಷ್ಮ ರಂಧ್ರಗಳಿಂದ ತುಂಬಿರುವುದೂ ಹೌದು. ಆದ್ದರಿಂದ ಹೊಗೆಯ ಜೊತೆ ಬರುವ ನೀರಿನಂಶವನ್ನು ಹೀರಿಕೊಂಡು ಹೊಗೆಯನ್ನು ಒಣಗಿಸಿ ಕೊಡುತ್ತದೆ. ಬ್ರಯರ್ ಎಂಬ ಮೆಡಿಟರೇನಿಯನ್ ಪೊದೆಯ ಬೇರುಗಂಟಿನಿಂದ ಮಾಡಿದ ದುಬಾರಿ ಪೈಪನ್ನು ಪಳಗಿಸಲು ದಿನಗಳು ಬೇಕು. ದಿಂಡಿನ ಪೈಪ್ ಮೊದಲ ದಿನವೇ ಚೆನ್ನಾಗಿ ಎಳೆಯುತ್ತದೆ.

ತೊಂದರೆ ಇರುವುದು ಉಂಗುರದ ದಪ್ಪದಲ್ಲಿ. ಕಳೆದ ಶತಮಾನದ ಜೋಳದ ತಳಿ ಸಂಶೋಧನೆಯೆಲ್ಲ ಕಾಳು ಹೆಚ್ಚಲಿ, ದಿಂಡು ಸಣ್ಣದಾಗಲಿ ಎಂಬ ಕಡೆಗೇ ಸಾಗಿತು. ರೈತನಿಗೆ ಅದು ಸರಿ, ಪೈಪ್ ಮಾಡುವವನಿಗೆ ಅದು ಗಂಡಾಂತರ. ಹಾಗಾಗಿ ಮಿಸೌರಿಯವರು ದಪ್ಪ ದಿಂಡಿನ ತಳಿಯನ್ನೇ ಬೇರೆಯಾಗಿ ಉಳಿಸಿಕೊಂಡು ಬೆಳೆಸುತ್ತಾರೆ. ಕೊಯ್ಲಿಗೂ ಇಂದಿನ ಕಂಬೈನ್ ಯಂತ್ರ ಆಗಿಬರುವುದಿಲ್ಲ, ಅದು ಹೊಲದಲ್ಲೇ ದಿಂಡನ್ನು ಪುಡಿಮಾಡಿ ಚೆಲ್ಲುತ್ತದೆ. ತೆನೆಯನ್ನು ಇಡಿಯಾಗಿ ಮುರಿದು ತರುವ ಹಳೆಯ ಕಾಲದ ಯಂತ್ರಗಳನ್ನು, ದಿಂಡು ಒಡೆಯದಂತೆ ಕಾಳು ಬಿಡಿಸುವ ಹಳೆಯ ಶೆಲ್ಲರನ್ನು ರಿಪೇರಿ ಮಾಡಿಸಿಕೊಂಡು ಓಡಿಸುತ್ತಿದ್ದಾರೆ. ನನ್ನ ಪ್ರಕಾರ ಈ ಕಸುಬಿನ ಮುಕ್ಕಾಲು ಭಾಗ ಹೊಲದಲ್ಲೇ ಮುಗಿದಿರುತ್ತದೆ. ದಿಂಡು ಸರಿಯಿಲ್ಲದಿದ್ದರೆ ಕಾರ್ಖಾನೆಯವರು ಏನು ಮಾಡಿಯೂ ಪ್ರಯೋಜನವಿಲ್ಲ.

ಬಿಡಿಸಿದ ದಿಂಡು ನೇರವಾಗಿ ಗರಗಸಕ್ಕೆ ಹೋಗುವುದಿಲ್ಲ. ಗಾಳಿಯಾಡುವ ಜಾಗದಲ್ಲಿ ಸುಮಾರು ಎರಡು ವರ್ಷ ಒಣಗಬೇಕು. ಹಸಿ ದಿಂಡನ್ನು ಕೊರೆದರೆ ಆಮೇಲೆ ಕುಗ್ಗಿ ಬಿರುಕು ಬಿಡುತ್ತದೆ, ಕೊಳವೆ ಸಿಕ್ಕಿಸಿದ ತೂತು ಅಗಲವಾಗಿ ಕೊಳವೆ ಕಳಚುತ್ತದೆ. ಚೆನ್ನಾಗಿ ಒಣಗಿದ ದಿಂಡನ್ನು ಸಾಲು ಗರಗಸಗಳು ತುಂಡು ಮಾಡುತ್ತವೆ, ತುಂಡುಗಳನ್ನು ದಪ್ಪದ ಪ್ರಕಾರ ವಿಂಗಡಿಸುತ್ತಾರೆ. ಬಟ್ಟಲು ಕೊರೆಯುವುದು, ಹೊರಮೈ ಕಡೆಯುವುದು, ಕೊಳವೆಗೆ ಪಕ್ಕದಲ್ಲಿ ತೂತು ಹಾಕುವುದು ಎಲ್ಲ ಯಂತ್ರದ ಕೆಲಸ. ಆದರೆ ಒಂದು ದಿಂಡು ಇನ್ನೊಂದರಂತೆ ಇರದ ಕಾರಣ ಪ್ರತಿ ತುಂಡನ್ನೂ ಕೈಯಲ್ಲಿ ಹಿಡಿದು ಯಂತ್ರಕ್ಕೆ ಕೊಡಲೇಬೇಕು.

ಇನ್ನು ಫಿನಿಶಿಂಗ್. ಟಿಬ್ಬಿಯ ಹೆಸರು ಉಳಿದದ್ದು ಇದರಿಂದ. ಹೊರಮೈ ಕಡೆದ ಮೇಲೂ ಕಾಳಿನ ಗುಳಿಗಳು ಉಳಿದೇ ಇರುತ್ತವೆ, ಬಟ್ಟಲು ಜೇನುಗೂಡಿನ ಹಾಗೆ ಕಾಣುತ್ತದೆ. ಗುಳಿ ಇದ್ದಲ್ಲಿ ಗೋಡೆ ತೆಳು. ಬೆಂಕಿ ಹೊರಗೆ ತೂರಿ ಬರುವುದೂ ಅಲ್ಲೇ. ಈ ಗುಳಿಗಳಿಗೆ ಪ್ಲಾಸ್ಟರ್ ತುಂಬುವ ವಿಧಾನಕ್ಕೆ ಟಿಬ್ಬಿ 1878ರಲ್ಲಿ ಪೇಟೆಂಟ್ ಪಡೆದ. ಉಪಾಯ ಸರಳವಾದರೂ ಯೋಚನೆ ಆಳದ್ದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಸುಟ್ಟ ಜಿಪ್ಸಮ್. ನೀರು ಸೇರಿದ ಕೂಡಲೇ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ, ಆಗ ನೀರನ್ನು ತನ್ನ ಹರಳುಗಳೊಳಗೆ ಕಟ್ಟಿಕೊಳ್ಳುತ್ತದೆ. ಬಿಸಿ ತಗಲಿದಾಗ ಆ ನೀರು ಮೊದಲು ಆವಿಯಾಗಬೇಕಾದ್ದರಿಂದ ಬೆಂಕಿ ಹಬ್ಬುವುದು ನಿಧಾನ. ಒಣಗಿದ ಪ್ಲಾಸ್ಟರಿನಲ್ಲೂ ಸಣ್ಣ ರಂಧ್ರಗಳಿರುವುದರಿಂದ ದಿಂಡಿನ ಉಸಿರು ಪೂರ್ತಿ ಕಟ್ಟುವುದಿಲ್ಲ. ಒಂದೇ ಲೇಪದಿಂದ ಗುಳಿಯೂ ಮುಚ್ಚಿತು, ಗೋಡೆಯೂ ದಪ್ಪವಾಯಿತು, ಮೈಯೂ ನುಣುಪಾಯಿತು. ಹಳ್ಳಿಯವನ ಕೈಕೆಲಸ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂರುವಂತಾಗಿದ್ದಕ್ಕೆ ಈ ಬಿಳಿ ಪುಡಿಯೇ ಕಾರಣ, ಕೆತ್ತನೆಯ ಚೆಂದವಲ್ಲ.

ಪ್ಲಾಸ್ಟರ್ ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಹಿಡಿದು ತೀಡುತ್ತಾರೆ. ಗುಳಿಗಳಲ್ಲಿ ಬಿಳಿ ಉಳಿದು, ನಡುವಿನ ಏಣುಗಳಲ್ಲಿ ದಿಂಡಿನ ಕಂದು ಬಣ್ಣ ಎದ್ದು ಕಾಣುತ್ತದೆ. ಆ ಚುಕ್ಕಿ ಚುಕ್ಕಿ ಮೈ ಈ ಪೈಪಿನ ಗುರುತು. ಅದರ ಮೇಲೆ ವಾರ್ನಿಷ್. ಪ್ಲಾಸ್ಟರೂ ವಾರ್ನಿಷೂ ಇಲ್ಲದ ಬರಿಮೈ ಮಾದರಿಗಳೂ ಸಿಗುತ್ತವೆ. ಕೊನೆಗೆ ಬಟ್ಟಲಿಗೆ ಮರದ ಕೊಳವೆ ಸಿಕ್ಕಿಸಿ, ಅದರ ತುದಿಗೆ ತೆಳು ಲೋಹದ ಪಟ್ಟಿ ಸುತ್ತಿ, ಬಾಯಿಗೆ ಇಡುವ ಪ್ಲಾಸ್ಟಿಕ್ ತುಂಡು ಜೋಡಿಸುತ್ತಾರೆ. ಒಳಗೊಂದು ಕಾಗದದ ಫಿಲ್ಟರ್. ಉತ್ತಮ ಮಾದರಿಗಳಲ್ಲಿ ಬಟ್ಟಲಿನ ತಳಕ್ಕೆ ಗಟ್ಟಿ ಮರದ ಬಿರಡೆ ಹೊಡೆದಿರುತ್ತಾರೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ, ಯಾಕೆಂದರೆ ತಳದಲ್ಲಿ ಬೆಂಡು ಉಳಿದ ಪೈಪ್ ಅಲ್ಲಿಂದಲೇ ಸುಟ್ಟು ತೂತಾಗುತ್ತದೆ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನಾನಿ ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ಈ ಪೈಪಿನ ಪುಕ್ಕಟೆ ಜಾಹೀರಾತಾಗಿದ್ದ. 1945ರ ಆಗಸ್ಟ್ 30ರಂದು ಜಪಾನಿನ ಅತ್ಸುಗಿಯಲ್ಲಿ ವಿಮಾನದಿಂದ ಇಳಿದಾಗ ಅವನ ಬಾಯಲ್ಲಿದ್ದದ್ದು ಉದ್ದ ಬಟ್ಟಲಿನ ದಿಂಡಿನ ಪೈಪ್. ಅವನ ಹೆಸರಿನ ಮಾದರಿ ಈಗಲೂ ಮಾರಾಟದಲ್ಲಿದೆ. ಲೇಖಕ ಮಾರ್ಕ್ ಟ್ವೇನ್ ಕೂಡ ಇದನ್ನು ಇಷ್ಟಪಟ್ಟು ಸೇದುತ್ತಿದ್ದ.

ಮನೆಯಲ್ಲಿ ಮಾಡಿ ನೋಡುವ ಆಸೆ ಇರುವವರಿಗೆ ಒಂದಿಷ್ಟು ವಿವರ. ಲೇತ್ ಬೇಕಿಲ್ಲ. ಒಂದು ಸಣ್ಣ ಗರಗಸ, ಬೈರಿಗೆ ಅಥವಾ ಡ್ರಿಲ್, ಒಂದು ಅರ, ಮೂರು ನಮೂನೆಯ ಸ್ಯಾಂಡ್‌ಪೇಪರ್ ಸಾಕು. ದಿಂಡು ಮಾತ್ರ ಹುಡುಕಿ ಆರಿಸಬೇಕು. ನಮ್ಮ ಹೈಬ್ರಿಡ್ ಜೋಳದ ದಿಂಡು ತೆಳು, ರಾಶಿಯಲ್ಲಿ ಬುಡದ ಕಡೆ ದಪ್ಪಗಿರುವಂಥವನ್ನು ಹೆಕ್ಕಿಕೊಳ್ಳಿ. ಕಪ್ಪು ಅಥವಾ ಹಸಿರು ಬೂಸ್ಟು ಹಿಡಿದದ್ದು ಬೇಡವೇ ಬೇಡ. ಹುಳ ಹಿಡಿಯದಿರಲೆಂದು ಔಷಧ ಹಾಕಿಟ್ಟ ಉಗ್ರಾಣದ ದಿಂಡೂ ಬೇಡ, ಆ ವಿಷ ಹೊಗೆಯಲ್ಲಿ ನೇರ ಬಾಯಿಗೆ ಬರುತ್ತದೆ.

ಒಣಗಿದ ದಿಂಡಿನಿಂದ 5 ಸೆಂ.ಮೀ. ಉದ್ದದ ತುಂಡು ಕೊಯ್ದುಕೊಳ್ಳಿ. ಎಷ್ಟು ಅಗಲ ಕೊರೆಯಬೇಕು ಎನ್ನುವುದಕ್ಕೆ ಅಳತೆ ಪುಸ್ತಕದಲ್ಲಿಲ್ಲ, ದಿಂಡಿನಲ್ಲೇ ಇದೆ: ಸುತ್ತಲೂ ಕನಿಷ್ಠ 6 ಮಿ.ಮೀ. ಗೋಡೆ ಉಳಿಯಬೇಕು. 28 ಮಿ.ಮೀ. ದಪ್ಪದ ದಿಂಡಾದರೆ 15 ಅಥವಾ 16 ಮಿ.ಮೀ. ತೂತು ಸಾಕು. ಒಮ್ಮೆಲೇ ದೊಡ್ಡ ಬಿಟ್ ಹಾಕಿದರೆ ದಿಂಡು ಸೀಳುತ್ತದೆ; ಮೊದಲು ಸಣ್ಣದು, ಆಮೇಲೆ ದೊಡ್ಡದು. ಬೆಂಡನ್ನು ಆರುಪಾರು ತೆಗೆದು, ತಳಕ್ಕೆ ಒಣಗಿದ ಗಟ್ಟಿ ಮರದ 1 ಸೆಂ.ಮೀ. ಬಿರಡೆಯನ್ನು ಬಿಗಿಯಾಗಿ ಹೊಡೆಯಿರಿ. ಬಣ್ಣ ಬಳಿದ ಮರ, ಪ್ಲೈವುಡ್ ಬೇಡ. ಬಟ್ಟಲಿನ ಒಳಗೆ ಗೋಂದೂ ಬೇಡ, ಪ್ಲಾಸ್ಟರೂ ಬೇಡ. ಗೋಂದು ಸುಟ್ಟು ವಾಸನೆ ಬರುತ್ತದೆ, ಪ್ಲಾಸ್ಟರ್ ಕೆಂಡದ ಬಿಸಿಗೆ ಪುಡಿಯಾಗಿ ಉದುರುತ್ತದೆ. ಪ್ಲಾಸ್ಟರ್ ಏನಿದ್ದರೂ ಹೊರಮೈಗೆ.

ಕೊಳವೆಗೆ ಮಲೆನಾಡಿನವರಿಗೆ ವಾಟೆ ಕಡ್ಡಿಗಿಂತ ಒಳ್ಳೆಯದು ಸಿಗದು. ಒಳಗೆ ಮೊದಲೇ ಪೊಳ್ಳು, ಗಿಣ್ಣು ಇದ್ದರೆ ಕಾಯಿಸಿದ ತಂತಿಯಿಂದ ತೂತು ಮಾಡಿದರಾಯಿತು. ಬಯಲುಸೀಮೆಯವರು ಸಣ್ಣ ಬಿದಿರು ಬಳಸಬಹುದು. ಪಕ್ಕದ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಹೋಗಿ ಸೇರಬೇಕು. ಮೇಲಾದರೆ ಕೆಳಗಿನ ತಂಬಾಕು ಉರಿಯದೆ ಒದ್ದೆಯಾಗಿ ಉಳಿಯುತ್ತದೆ, ಕೆಳಗಾದರೆ ಬಿರಡೆಗೆ ತಾಗಿ ಹೊಗೆ ಬರುವುದೇ ಇಲ್ಲ. ಕೊಳವೆ ಕಡ್ಡಿಗಿಂತ ಕೂದಲೆಳೆಯಷ್ಟು ಸಣ್ಣ ತೂತು ಹಾಕಿ, ಕಡ್ಡಿಯ ತುದಿಯನ್ನು ತೀಡುತ್ತಾ ತೀಡುತ್ತಾ ಕೂರಿಸಿ. ತುದಿ ಬಟ್ಟಲಿನ ಒಳಕ್ಕೆ ಚಾಚಿಕೊಂಡರೆ ಅರದಿಂದ ಸವೆಸಿಬಿಡಿ.

ಪ್ಲಾಸ್ಟರ್ ಹಚ್ಚುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಒಣ ದಿಂಡು ಪ್ಲಾಸ್ಟರಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಲೇಪ ಗಟ್ಟಿಯಾಗುವ ಮೊದಲೇ ಸೀಮೆಸುಣ್ಣದಂತೆ ಒಡೆದು ಉದುರುತ್ತದೆ. ಹಚ್ಚುವ ಮುನ್ನ ಹೊರಮೈಗೆ ಒದ್ದೆ ಬಟ್ಟೆ ಒತ್ತಿ ತೇವ ಮಾಡಿಕೊಳ್ಳಿ. ಒಂದು ಪಾಲು ನೀರಿಗೆ ಸುಮಾರು ಎರಡು ಪಾಲು ಪುಡಿ. ನೀರಿನ ಮೇಲೆ ಪುಡಿಯನ್ನು ಉದುರಿಸಬೇಕು, ಪುಡಿಯ ಮೇಲೆ ನೀರು ಸುರಿದರೆ ಗಂಟು. ಬೆರಳಿನಿಂದ ಗುಳಿಗಳಿಗೆ ಒತ್ತಿ ತುಂಬಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಬಿಗಿಯಿತು ಎಂದರೆ ಒಣಗಿತು ಎಂದಲ್ಲ. ನೆರಳಲ್ಲಿ ಕೆಲವು ದಿನ ಬಿಟ್ಟು, ಆಮೇಲೆ ಒರಟು ಪೇಪರಿನಿಂದ ಶುರುಮಾಡಿ ನಯದ್ದಕ್ಕೆ ಬನ್ನಿ. ಮೂಗಿಗೆ ಬಟ್ಟೆ ಇರಲಿ.

ಮೇಲ್ಮೈಗೆ ನಾನು ಹೇಳುವುದು ಜೇನುಮೇಣ. ಮೆತ್ತಗೆ ಸವರಿ, ಹತ್ತಿ ಬಟ್ಟೆಯಿಂದ ತಿಕ್ಕಿದರೆ ಸಾಕಷ್ಟು ಹೊಳಪು ಬರುತ್ತದೆ, ಮಾಸಿದರೆ ಮತ್ತೆ ಸವರಬಹುದು. ಚನ್ನಪಟ್ಟಣದ ಗೊಂಬೆಗಳ ಅರಗನ್ನೇ ಹಚ್ಚಿದರೆ ಹೇಗೆ ಎಂದು ನಮ್ಮವರಿಗೆ ಅನ್ನಿಸುವುದು ಸಹಜ. ಅದು ಇಲ್ಲಿ ಸಲ್ಲದು. ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೇ ಕರಗಿ ಅಂಟುವುದು ಅರಗಿನ ಗುಣ. ಬಟ್ಟಲಲ್ಲಿ ಕೆಂಡವಿಟ್ಟುಕೊಂಡ ಪೈಪಿನ ಮೇಲೆ ಅದು ಮೆತ್ತಗಾಗಿ ಗುಳ್ಳೆ ಏಳುತ್ತದೆ. ಬಟ್ಟಲಿನ ಒಳಗಂತೂ ಏನನ್ನೂ ಬಳಿಯಬೇಡಿ. ಒಳಗೋಡೆಗೆ ರಕ್ಷಣೆ ಕೊಡುವುದು ಬಳಕೆಯಿಂದ ಕಟ್ಟುವ ಮಸಿಯ ಪದರ. ಅದೂ ಒಂದು ನಾಣ್ಯದ ದಪ್ಪ ಮೀರಬಾರದು, ಮೀರಿದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಚಾಕುವಿನಿಂದ ಕೆರೆದರೆ ಮಸಿಯ ಜೊತೆ ದಿಂಡೂ ಬರುತ್ತದೆ, ಆದ್ದರಿಂದ ಕಾಗದದಿಂದ ಒರೆಸಿದರೆ ಸಾಕು. ಪೈಪ್ ಬಿಸಿಯಿರುವಾಗ ಕೊಳವೆ ತಿರುಗಿಸಿ ಕೀಳುವುದು ಅದನ್ನು ಕೊಲ್ಲುವ ಅತಿ ಸುಲಭ ದಾರಿ. ಒಮ್ಮೆ ಬಳಸಿದ್ದನ್ನು ಪೂರ್ತಿ ಒಣಗಲು ಒಂದೆರಡು ದಿನ ಬಿಡಬೇಕು.

ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎನ್ನುವ ಮಾತು ಕೇಳಿಬರುತ್ತದೆ. ಅದು ಸುಳ್ಳು. ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ಪೈಪ್ ಸೇದುವವರನ್ನೂ ಬಿಡುವುದಿಲ್ಲ. ಫಿಲ್ಟರ್, ದಿಂಡು ಇವ್ಯಾವುವೂ ಅದನ್ನು ತಡೆಯುವುದಿಲ್ಲ. ಈ ಕೆಲಸದ ಸುಖ ಕೊರೆಯುವುದರಲ್ಲಿ, ತೀಡುವುದರಲ್ಲಿ ಮುಗಿದುಹೋಗುತ್ತದೆ; ಪೈಪಿಗೆ ಬೆಂಕಿ ಹಚ್ಚಲೇಬೇಕು ಎಂದೇನಿಲ್ಲ.

ಮಾಡಿ ನೋಡುವವರು ಮುಂಗಾರು ಜೋಳದ ಕೊಯ್ಲಿನ ಹೊತ್ತಿಗೆ, ಅಂದರೆ ಅಕ್ಟೋಬರ್, ನವೆಂಬರ್ ಸುಮಾರಿಗೆ, ಪರಿಚಯದ ರೈತರಲ್ಲಿ ನಾಲ್ಕಾರು ದಪ್ಪ ತೆನೆ ಕೇಳಿಟ್ಟುಕೊಳ್ಳಿ. ಒಕ್ಕುವ ಯಂತ್ರಕ್ಕೆ ಹಾಕುವ ಮೊದಲೇ ಕೇಳಬೇಕು, ಅದರ ಬಾಯಿಂದ ಹೊರಬಂದ ದಿಂಡಿನಲ್ಲಿ ಇಡಿಯಾಗಿ ಉಳಿಯುವುದು ಕಡಿಮೆ. ಕಾಳನ್ನು ಕೈಯಲ್ಲೇ ಬಿಡಿಸಿ, ದಿಂಡನ್ನು ಅಟ್ಟದ ಮೇಲೆ ಗಾಳಿಗೆ ಹರಡಿ, ಮೇಲೆ ವರ್ಷ ಬರೆದಿಡಿ. ಎರಡು ಬೇಸಿಗೆ ಕಳೆಯುವವರೆಗೆ ಗರಗಸ ಮುಟ್ಟಬೇಡಿ.