ಗೇಟಿನ ಕಣ್ಣಿಗೆ ನಂಬರ್ ಓದಲು ಬರುತ್ತದೆಯೇ?

"ಮನೆಗೆ ಸಿ.ಸಿ. ಕ್ಯಾಮೆರಾ ಹಾಕಿಸಿದ್ದೇವೆ, ಇನ್ನೇನೂ ಭಯವಿಲ್ಲ" ಎನ್ನುವ ಗೃಹಿಣಿಯರು ಈಗ ಶಿವಮೊಗ್ಗ, ಭದ್ರಾವತಿಗಳ ಬೀದಿಬೀದಿಯಲ್ಲೂ ಸಿಗುತ್ತಾರೆ. ಯಜಮಾನರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವವರಿಗೆ ಅದೊಂದು ಧೈರ್ಯವೇ ಸರಿ. ಆದರೆ ಬೆಳಿಗ್ಗೆ ರಂಗೋಲಿ ಹಾಕುವಾಗ ಬೈಕಿನಲ್ಲಿ ಬಂದವನೊಬ್ಬ ಕೊರಳ ಸರಕ್ಕೆ ಕೈಹಾಕಿ ಓಡಿದನೆಂದಿಟ್ಟುಕೊಳ್ಳಿ. ಆಮೇಲೆ ಕ್ಯಾಮೆರಾದಲ್ಲಿ ನೋಡಿದರೆ ಕಾಣುವುದೇನು? ಒಂದು ಕಪ್ಪು ಬೈಕು, ಎರಡು ಹೆಲ್ಮೆಟ್ಟು. ನಂಬರ್ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಮಸುಕು! ಪೊಲೀಸರಿಗೆ ಬೇಕಾಗುವುದು ಅದೇ ನಂಬರು ತಾನೇ?

"ಕೆಎ-14 ಅನ್ನೋದಷ್ಟು ಕಾಣ್ತದಲ್ಲ" ಎಂದು ಸಮಾಧಾನಪಡುವಂತೆಯೂ ಇಲ್ಲ. ಶಿವಮೊಗ್ಗದ ಗಾಡಿಗೂ ಭದ್ರಾವತಿಯ ಗಾಡಿಗೂ ಅದೇ ಕೆಎ-14. ಕೊನೆಯ ನಾಲ್ಕು ಅಂಕಿ ಸಿಕ್ಕರೇ ಪ್ರಯೋಜನ.

ಕಾಣುವುದು ಬೇರೆ, ಓದುವುದು ಬೇರೆ

ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಕ್ಯಾಮೆರಾ ಅಂಗಳ, ಗೇಟು, ಎದುರು ಮನೆ ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ. ಎಲ್ಲವನ್ನೂ ನೋಡುವುದರಿಂದಲೇ ಯಾವುದನ್ನೂ ಹತ್ತಿರದಿಂದ ನೋಡಲಾರದು. ಸ್ವಲ್ಪ ಲೆಕ್ಕ ಹಾಕೋಣ. 4 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾ 10 ಮೀಟರ್ ದೂರದಲ್ಲಿ ಸುಮಾರು 18 ಮೀಟರ್ ಅಗಲದ ಜಾಗ ತೋರಿಸುತ್ತದೆ. ಅದರ ಚಿತ್ರ ಅಡ್ಡಲಾಗಿ 1920 ಚುಕ್ಕೆಗಳದ್ದು ಎನ್ನಿ. ಬೈಕಿನ ಹಿಂದಿನ ಫಲಕದ ಅಗಲ 20 ಸೆಂಟಿಮೀಟರ್. ಅದರ ಪಾಲಿಗೆ ಬರುವುದು ಸುಮಾರು 20 ಚುಕ್ಕೆ ಮಾತ್ರ. ಅಷ್ಟರಲ್ಲಿ ಅಕ್ಷರ ಮೂಡುವುದಾದರೂ ಹೇಗೆ?

ಅದೇ ಜಾಗದಿಂದ 12 ಮಿಲಿಮೀಟರ್ ಲೆನ್ಸಿನಲ್ಲಿ ನೋಡಿದರೆ ಸುಮಾರು 5 ಮೀಟರ್ ಅಗಲದ ಜಾಗವಷ್ಟೇ ಕಾಣುತ್ತದೆ. ಫಲಕಕ್ಕೆ 70ಕ್ಕಿಂತ ಹೆಚ್ಚು ಚುಕ್ಕೆ ಸಿಗುತ್ತವೆ. ಈಗ ಓದಬಹುದು. ಆದ್ದರಿಂದ ನಂಬರ್ ಬೇಕೆನ್ನುವವರು ಇರುವ ಕ್ಯಾಮೆರಾ ಜೊತೆಗೆ, ನಂಬರಿಗೆಂದೇ ಇನ್ನೊಂದನ್ನು ಇಡಬೇಕು. ಸೌಟಿನ ಕೆಲಸವನ್ನು ಜರಡಿಯಿಂದ ಮಾಡಿಸಲಾದೀತೇ?

ಎಲ್ಲಿ ಕೂರಿಸಬೇಕು?

ತಾರಸಿಯ ತುದಿಯಲ್ಲಿ ಕೂರಿಸಿದರೆ ಕಾಣುವುದು ಹೆಲ್ಮೆಟ್ಟಿನ ನೆತ್ತಿ! ಕಾಂಪೌಂಡಿನ ಕಂಬದ ಮೇಲೆ, ಎರಡೂವರೆ ಮೂರು ಮೀಟರ್ ಎತ್ತರ ಸಾಕು. ಕ್ಯಾಮೆರಾ ರಸ್ತೆಗೆ ಅಡ್ಡಲಾಗಿ ನೋಡದೆ, ರಸ್ತೆಯ ಉದ್ದಕ್ಕೆ ನೋಡುವಂತಿರಲಿ. ಮೇಲಿನಿಂದಾಗಲಿ ಪಕ್ಕದಿಂದಾಗಲಿ ಓರೆ 30 ಡಿಗ್ರಿ ಮೀರದಿದ್ದರೆ ಒಳ್ಳೆಯದು.

ಇನ್ನೊಂದು ಗುಟ್ಟು: ಗಾಡಿಯನ್ನು ಹಿಂದಿನಿಂದ ನೋಡಬೇಕು. ಬೈಕಿನ ಮುಂದಿನ ಫಲಕ ಎತ್ತರ ಕಡಿಮೆಯಿರುವ ಸಣ್ಣ ಪಟ್ಟಿ. ಸಾಲದ್ದಕ್ಕೆ ರಾತ್ರಿ ಹೆಡ್‌ಲೈಟು ಕಣ್ಣು ಕುಕ್ಕುತ್ತದೆ. ಹಿಂದಿನ ಫಲಕ ದೊಡ್ಡದು, ದೀಪದ ಕಾಟವೂ ಕಡಿಮೆ.

ವಿನೋಬನಗರದ 100 ಅಡಿ ರಸ್ತೆಯಲ್ಲಿ ಬೈಕು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ, ಒಂದು ಸೆಕೆಂಡಿನ 30ನೇ ಒಂದು ಭಾಗದಲ್ಲೇ 46 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಭದ್ರಾವತಿಯ ಹಳೇನಗರದ ಗಲ್ಲಿಯ ತಿರುವಿನಲ್ಲಿ ಹಾಗೆ ಓಡಿಸಲಾಗದು. ಹಂಪು, ತಿರುವು, ಗೇಟಿನ ಬಾಯಿ — ಗಾಡಿ ನಿಧಾನವಾಗುವ ಜಾಗವನ್ನೇ ಆರಿಸಿಕೊಳ್ಳಿ.

ರಾತ್ರಿಯ ತಾಪತ್ರಯ

ಕತ್ತಲಾದೊಡನೆ ಕ್ಯಾಮೆರಾ ಬೆಳಕಿಗಾಗಿ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಓಡುವ ಗಾಡಿ ಕಲಸಿಹೋಗುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಬೀರುತ್ತದೆ. ನಂಬರ್ ಫಲಕದ ಹಾಳೆ ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸುವಂಥದ್ದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ಫಲಕಗಳೂ ಹಾಗೆಯೇ ಹೊಳೆಯುತ್ತವೆ. ಶಟರು ತೆರೆದೇ ಇದ್ದರೆ ಫಲಕ ಹಾಲಿನಂತೆ ಬೆಳ್ಳಗಾಗಿ ಅಂಕಿಗಳು ಮಾಯ.

ಪರಿಹಾರ ಸುಲಭ. ಶಟರನ್ನು 'ಆಟೋ'ದಲ್ಲಿ ಬಿಡದೆ ಸೆಕೆಂಡಿನ 1000ನೇ ಒಂದು ಭಾಗಕ್ಕೆ ನಿಲ್ಲಿಸಬೇಕು. ಆಗ ಚಿತ್ರವೆಲ್ಲ ಕಗ್ಗತ್ತಲಾಗಿ, ಫಲಕವೊಂದೇ ಹಣತೆಯಂತೆ ಬೆಳಗುತ್ತದೆ. "ಅಯ್ಯೋ, ಕ್ಯಾಮೆರಾ ಕೆಟ್ಟಿದೆ" ಎಂದು ಗಾಬರಿಯಾಗಬೇಡಿ, ಅದು ಹಾಗೆಯೇ ಇರಬೇಕು. ಬಣ್ಣ, ಆಳು, ಗಾಡಿಯ ಚಹರೆ ನೋಡಲು ಇನ್ನೊಂದು ಕ್ಯಾಮೆರಾ ಇದ್ದೇ ಇದೆಯಲ್ಲ!

ನಮ್ಮ ಮಲೆನಾಡಿನ ಮಳೆಯಲ್ಲಿ ಗಾಜಿನ ಮೇಲೆ ಹನಿ ನಿಲ್ಲುತ್ತದೆ, ಜೇಡ ಬಲೆ ಕಟ್ಟುತ್ತದೆ. ಬಲೆಯ ಎಳೆಗೆ ಇನ್‌ಫ್ರಾರೆಡ್ ಬಡಿದರೆ ಚಿತ್ರವೆಲ್ಲ ಬಿಳಿ. ಮೇಲೊಂದು ಸಣ್ಣ ಮಾಡು ಕಟ್ಟಿಸಿ. ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಿಂದ ಒರೆಸಿ. ಕರೆಂಟು ಹೋದಾಗಲೂ ನಡೆಯುವಂತೆ ಇನ್ವರ್ಟರಿಗೆ ಸೇರಿಸಿ.

ದುಡ್ಡು ಕೊಡುವ ಮುನ್ನ

ಹಗಲಿನ ಚಿತ್ರ ತೋರಿಸಿ "ಸೂಪರಾಗಿದೆ ಮೇಡಂ" ಎಂದರೆ ಒಪ್ಪಬೇಡಿ. ಕತ್ತಲಾದ ಮೇಲೆ ಮನೆಯ ಸ್ಕೂಟರನ್ನೇ ನಾಲ್ಕು ಸಲ ಓಡಿಸಲು ಹೇಳಿ. ಆ ರೆಕಾರ್ಡನ್ನು ನಿಲ್ಲಿಸಿ ನೀವೇ ನಂಬರ್ ಓದಿ. ಓದಲು ಬಂದರೆ ಹಣ, ಇಲ್ಲದಿದ್ದರೆ ಇನ್ನೊಮ್ಮೆ ಸರಿಮಾಡಲಿ. ಪೆಟ್ಟಿಗೆಯ ಗಡಿಯಾರ ಸರಿಯಿದೆಯೇ, ಎಷ್ಟು ದಿನದ ಚಿತ್ರ ಉಳಿಯುತ್ತದೆ ಎಂದು ಕೇಳಿ. ಅವರು ಇಟ್ಟುಹೋದ ಪಾಸ್‌ವರ್ಡನ್ನು ಅಂದೇ ಬದಲಿಸಿ.

ನಿಮ್ಮ ಕ್ಯಾಮೆರಾ ನೆರೆಮನೆಯ ಕಿಟಕಿ, ಬಚ್ಚಲು, ಬಟ್ಟೆ ಒಣಹಾಕುವ ಜಾಗವನ್ನು ನೋಡದಿರಲಿ. ನಮ್ಮ ಧೈರ್ಯ ಇನ್ನೊಬ್ಬ ಹೆಣ್ಣುಮಗಳ ಮುಜುಗರವಾಗಬಾರದು.

ನಂಬರ್ ಸಿಕ್ಕಿತು, ಮುಂದೆ?

ಮೊದಲು 112ಕ್ಕೆ ಫೋನ್ ಮಾಡಿ. ನಂಬರನ್ನು ವಾಟ್ಸಾಪಿನಲ್ಲಿ ಹಂಚಿ "ಇವನೇ ಕಳ್ಳ" ಎನ್ನಬೇಡಿ. ನಂಬರ್ ಗಾಡಿಯದ್ದು, ಕಳ್ಳನದ್ದಲ್ಲ. ಗಾಡಿಯೇ ಕದ್ದದ್ದಿರಬಹುದು, ಫಲಕ ಸುಳ್ಳಿರಬಹುದು. ಪಾಪ, ನಿಜವಾದ ಮಾಲೀಕ ಇನ್ನೆಲ್ಲೋ ತನ್ನ ಗಾಡಿ ಹುಡುಕುತ್ತಿರಬಹುದು. ರೆಕಾರ್ಡಿನ ಮೂಲ ಪ್ರತಿಯನ್ನು ಅಳಿಸದೆ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಹೇಗೆ ಕೊಡಬೇಕೆಂದು ಠಾಣೆಯಲ್ಲೇ ಕೇಳಿ ತಿಳಿಯಿರಿ.

ಕ್ಯಾಮೆರಾ ಈಗಾಗಲೇ ಇರುವವರು ಇವತ್ತು ರಾತ್ರಿ ಊಟವಾದ ಮೇಲೆ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ನಿಮ್ಮ ಬೀದಿಯಲ್ಲಿ ಹಾದುಹೋದ ಒಂದೇ ಒಂದು ಗಾಡಿಯ ನಂಬರ್ ಓದಲು ಬರುತ್ತದೆಯೇ, ನೋಡಿ. ಬಾರದಿದ್ದರೆ ಸರಿಪಡಿಸಲು ಇದೇ ತಕ್ಕ ಸಮಯ. ಸರ ಹೋದ ಮೇಲಲ್ಲ.